ಬೆಂಕಿಗೆ ಕೊಡದ ಮಣ್ಣು

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎನ್ನುವವರೇ ಲೋಕದ ತುಂಬ. ಸಾವಂತ್ರೆವ್ವ ಆ ಪೈಕಿ ಅಲ್ಲ. ಬಾಗಲಕೋಟೆ ಕಡೆಯಿಂದ ಗೋವಾಕ್ಕೆ ಬಂದು, ಮಡ್ಕಯಿಯ ಕಾರ್ಖಾನೆಗಳಲ್ಲಿ ಕಸ ಹೊಡೆದು ಸೊಂಟ ಬಾಗಿಸಿಕೊಂಡ ಈ ಹೆಂಗಸಿಗೆ ಯಾರೂ ಏನನ್ನೂ ಪುಕ್ಕಟೆ ಕೊಟ್ಟವರಿಲ್ಲ. ಕೊಟ್ಟರೆ ಅದರ ಹಿಂದೆ ಏನೋ ಮಸಲತ್ತು ಇದ್ದೇ ಇರುತ್ತದೆ ಎಂಬುದು ಅವಳ ನಂಬಿಕೆ. ಹಾಗಾಗಿ ಪಕ್ಕದ ಖೋಲಿಯ ಬಾನು, "ಫೋಂಡಾದ ಗಾರ್ಡನ್ನಿನ್ಯಾಗ ಐತವಾರಕ್ಕೊಮ್ಮಿ ಹುಡುಗರಿಗೆ ಮಣ್ಣು, ಬಣ್ಣ ಎಲ್ಲಾ ಪುಕ್ಕಟೆ ಕೊಟ್ಟು ಹೇಳಿಕೊಡ್ತಾರ ದೊಡ್ಡವ್ವಾ, ನೀಲಾನ ಕರಕೊಂಡು ಹೋಗು" ಎಂದಾಗ ಅವಳು ಮೂಗು ಮುರಿದಿದ್ದಳು.

ಆದರೆ ಬೇರೆ ದಾರಿಯಾದರೂ ಯಾವುದಿತ್ತು? ಮೊಮ್ಮಗಳು ನೀಲಾ ಬಾಯಿ ಮುಚ್ಚಿ ಆಗಲೇ ಒಂದು ಮಳೆಗಾಲ ಕಳೆದಿತ್ತು. ಕಟ್ಟಡದ ಕೆಲಸಕ್ಕೆ ಹೋದ ತಾಯಿ, ಸಾವಂತ್ರೆವ್ವನ ಮಗಳು ಗೀತಾಂಜಲಿ, ನೆನೆದ ಗೋಡೆ ಮೈಮೇಲೆ ಕುಸಿದು ಸತ್ತಾಗ, ಏಳು ವರ್ಷದ ಈ ಕೂಸು ನೀರಿನ ಬಾಟಲಿ ಹಿಡಿದುಕೊಂಡು ಎದುರಿಗೇ ನಿಂತಿತ್ತು. ಅಂದಿನಿಂದ ಒಂದು ಮಾತಿಲ್ಲ. ಅಪ್ಪ ಅನ್ನಿಸಿಕೊಂಡವನು ಊರಿಗೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಡಾಕ್ಟರು ಗಂಟಲಿನಲ್ಲಿ ಏನೂ ಇಲ್ಲ ಎಂದರು. ಎಲ್ಲಮ್ಮನಿಗೆ ಹರಕೆ, ದರ್ಗಾದ ತಾಯತ, ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದು, ಎಲ್ಲ ಮುಗಿದಿತ್ತು. "ಆಯಿ ಅಂತ ಕರೀದಿದ್ರ ಬಿಡು, ಬೈಯ್ಯರ ಬೈಯ್ಯವ್ವಾ ನನ್ನ" ಎಂದು ಮುದುಕಿ ಉಣ್ಣಿಸುವಾಗಲೆಲ್ಲ ಗೋಗರೆಯುತ್ತಿದ್ದಳು. ಕಡೆಗೆ ಮೊಮ್ಮಗಳ ಕೈ ಹಿಡಿದು ಫೋಂಡಾದ ಬಸ್ಸು ಹತ್ತಿದಳು.

ಉದ್ಯಾನದ ಮರದಡಿ ತಾಡಪತ್ರಿ ಹಾಸಿ, ಮೆಲಿಟಾ ಎಂಬ ಟೀಚರು ಹಸಿ ಮಣ್ಣಿನ ಮುದ್ದೆ ಹಂಚುತ್ತಿದ್ದಳು. ಒಳ್ಳೆಯ ಹುಡುಗಿ, ಯಾವ ಊರು ಎಂದು ಕೇಳಲಿಲ್ಲ, ಆಧಾರ್ ತೋರಿಸು ಅನ್ನಲಿಲ್ಲ. ಉಳಿದ ಮಕ್ಕಳು ಆನೆ, ಮೀನು, ಬಸ್ಸು ಮಾಡಿದರು. ನೀಲಾ ಮುದ್ದೆಯನ್ನು ಮಡಿಲಲ್ಲಿಟ್ಟುಕೊಂಡು ಒತ್ತಿದಳು, ಕೆಡಿಸಿದಳು, ಮತ್ತೆ ಒತ್ತಿದಳು. ಟೀಚರು ಅದನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟು ಮುಂದಿನ ವಾರ ಮತ್ತೆ ಕೊಡುವಳು. ಹೀಗೆ ವಾರಗಳು ಉರುಳಿದವು. ಒಂದು ಐತವಾರ ಸಾವಂತ್ರೆವ್ವ ಬಗ್ಗಿ ನೋಡಿದಳು. ಚಪ್ಪಟೆ ಮೂಗು, ಒಂದು ಬದಿಗೆ ಎಳೆದ ತುಟಿ, ಹಣೆಯ ಮೇಲೆ ಎಮ್ಮೆ ಹಾಯ್ದ ಗಾಯದ ಗುರುತು. ಅಂಗೈಯಗಲದ ಗೀತಾಂಜಲಿ. ನೀಲಾ ಆ ಮುಖಕ್ಕೆ ಬಾಯಿ ಹಚ್ಚಿ ಸುಮ್ಮನೆ ತುಟಿ ಅಲ್ಲಾಡಿಸುತ್ತಿದ್ದಳು. ದನಿ ಮಾತ್ರ ಇರಲಿಲ್ಲ.

ಟೀಚರಿಗೆ ಹಿಗ್ಗೋ ಹಿಗ್ಗು. ಮುಂದಿನ ವಾರ ಭಟ್ಟಿಗೆ ಹಾಕಿ ಸುಡುತ್ತೇವೆ, ಆಮೇಲೆ ಇದು ಕರಗುವುದೇ ಇಲ್ಲ ಎಂದು ಹಿಂದಿಯಲ್ಲಿ ಹೇಳಿದಳು.

ಸುಡುವುದೆ? ಸಾವಂತ್ರೆವ್ವನ ಕುಲದಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಮಣ್ಣು ಕೊಟ್ಟ ಮಗಳನ್ನು ಈಗ ಬೆಂಕಿಗೆ ಹಾಕುವುದೆ? ಅದೂ ಅಲ್ಲದೆ ಪೂಜೆಗೆ ಮಾಡುವ ಮಣ್ಣೆತ್ತಾಗಲಿ, ಗುಳ್ಳವ್ವನಾಗಲಿ, ಗಣಪನಾಗಲಿ, ಕಣ್ಣು ಮೂಡಿದ ಮಣ್ಣನ್ನು ಮನೆಯಲ್ಲಿ ಉಳಿಸಿಕೊಳ್ಳದೆ ನೀರಿಗೆ ಕಳಿಸುವುದು ಅವಳು ಹುಟ್ಟಿದಾಗಿನಿಂದ ಕಂಡ ರೀತಿ. ಕಾಯಮ್ಮಾಗಿ ಉಳಿದರೆ ಸತ್ತವಳು ಹೋಗುವುದಾದರೂ ಎಲ್ಲಿಗೆ? ಹೋಗಲಾರದೆ ಅವಳೇ ಕೂಸಿನ ನಾಲಿಗೆ ಹಿಡಿದುಕೊಂಡು ಕೂತಿದ್ದಾಳೆ ಎಂದು ಮುದುಕಿಗೆ ಖಾತ್ರಿಯಾಯಿತು. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಮುದುಕಿಯನ್ನು ತಡೆಯುವವರು ಯಾರು? ಇದೊಂದು ವಾರ ಮನೆಯಲ್ಲಿರಲಿ ಎಂದು ಟೀಚರನ್ನು ಕಾಡಿ ಬೇಡಿ ಆ ಮುಖವನ್ನು ಇಸಿದುಕೊಂಡಳು.

ಬಸ್ಸಿನಲ್ಲಿ ನೀಲಾ ಅದನ್ನು ಎದೆಗವಚಿಕೊಂಡು ಕೂತಿದ್ದಳು. ಮಡ್ಕಯಿಯಲ್ಲಿ ಇಳಿದ ಸಾವಂತ್ರೆವ್ವ ಖೋಲಿಯ ದಾರಿ ಬಿಟ್ಟು ಜುವಾರಿ ಹೊಳೆಯ ದಂಡೆಗೆ ನಡೆದಳು. ಮೊಮ್ಮಗಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಎಲೆಅಡಿಕೆಯ ಚಂಚಿಯಲ್ಲಿದ್ದ ಎಲ್ಲಮ್ಮನ ಅರಿಶಿನ ಭಂಡಾರವನ್ನು ಆ ಹಣೆಗೆ ಹಚ್ಚಿದಳು.

"ಹೋಗವ್ವಾ ಗೀತಾ. ಕೂಸಿನ ಮಾತು ಬಿಟ್ಟುಕೊಟ್ಟು ಹೋಗು" ಎಂದು ನೀರಿಗೆ ಬಿಟ್ಟಳು.

"ಅವ್ವಾ!"

ಗಾಳ ಹಾಕಿ ಕೂತವರು ಹೊರಳಿ ನೋಡಿದರು. ಮುದುಕಿಗೆ ಮೊದಲು ಆದದ್ದು ಸಂತೋಷವೇ, ಸುಳ್ಳು ಯಾಕೆ ಹೇಳಬೇಕು. "ಮಾತು ಬಂತು! ನನ್ನ ಕೂಸಿಗೆ ಮಾತು ಬಂತು!" ಎನ್ನುತ್ತ ತಿರುಗುವಷ್ಟರಲ್ಲಿ ನೀಲಾ ಮೊಣಕಾಲುದ್ದ ನೀರಿಗಿಳಿದು ಎರಡೂ ಕೈಯಿಂದ ಕೆಸರು ಬಾಚುತ್ತಿದ್ದಳು. ಆಗ ತಿಳಿಯಿತು ಅವಳಿಗೆ, ತಾನು ಮಾಡಿದ್ದೇನೆಂದು. ಸೀರೆ ಎತ್ತಿಕಟ್ಟಿ ತಾನೂ ಇಳಿದಳು, ತಾನೂ ಬಾಚಿದಳು. ಸಮುದ್ರದ ಇಳಿತಕ್ಕೆ ಹೊಳೆಯೂ ಇಳಿಯುವ ಹೊತ್ತು, ಸೆಳವು ಜೋರಿತ್ತು. ಕೈಗೆ ಬಂದದ್ದೆಲ್ಲ ಹೊಳೆಯ ಕೆಸರೇ. "ಇನ್ನೊಮ್ಮಿ ಅನ್ನು ನನ್ನವ್ವಾ, ಇನ್ನೊಂದೇ ಸಲ" ಎಂದು ಅಲ್ಲೇ ನೀರಿನಲ್ಲಿ ಕೂಸನ್ನು ತಬ್ಬಿಕೊಂಡಳು. ನೀಲಾಳ ಬಾಯಿ ಮತ್ತೆ ಮುಚ್ಚಿಕೊಂಡಿತ್ತು.

ಮುಂದಿನ ಐತವಾರ ಮೆಲಿಟಾ ಟೀಚರು ಬರಿಗೈ ನೋಡಿ, ಎಲ್ಲಿ ಅಂದಳು. "ನೀರಿಗೆ ಬಿಟ್ನ್ರಿ ಬಾಯಾರ" ಎಂದಳು ಸಾವಂತ್ರೆವ್ವ, ಕನ್ನಡದಲ್ಲೇ, ಕೈಯಿಂದ ಹರಿಯುವ ನೀರನ್ನು ತೋರಿಸುತ್ತ. ಟೀಚರ ಮುಖ ಬಾಡಿತು. ಬಯ್ಯಲಿಲ್ಲ, ಹೊಸ ಮುದ್ದೆಯೊಂದನ್ನು ತಂದು ನೀಲಾಳ ಮುಂದಿಟ್ಟಳು. ನೀಲಾ ಅದನ್ನು ಮುಟ್ಟಲಿಲ್ಲ.

ಸಾವಂತ್ರೆವ್ವನೇ ಅದನ್ನು ಎಳೆದುಕೊಂಡಳು. ಬಿರುಕುಬಿಟ್ಟ ಹೆಬ್ಬೆರಳಿನಿಂದ ಕಣ್ಣು ಒತ್ತಿದಳು, ಹಣೆಗೆ ಎಮ್ಮೆಯ ಗುರುತು ಎಳೆದಳು. ಮೂಗು ಮಾತ್ರ ಬರಲೊಲ್ಲದು. ಹೆತ್ತವಳು, ಹಾಲೂಡಿಸಿದವಳು, ಅವಳಿಗೇ ಆ ಮೂಗು ಕಣ್ಣಿಗೆ ಕಟ್ಟಲೊಲ್ಲದು.

"ಹಿಂಗಿತ್ತೇನ ನೀಲಾ ನಿಮ್ಮವ್ವನ ಮೂಗು? ಒಂದೀಟು ನೋಡವ್ವಾ. ಹಿಂಗೇನ?"

ನೀಲಾ ಬೆನ್ನು ತಿರುಗಿಸಿ, ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದಳು.