ಹಂದಿ ಎಂಬ ಒಂದು ಶಬ್ದ

ಚಿಗವ್ವನ ಕುತ್ತಿಗೆಯಲ್ಲಿ ಎರಡು ಎಳೆಗಳಿದ್ದವು. ಒಂದು ಚರ್ಮದ ಮೇಲಿನ ಶಿವದಾರ, ಅದರ ತುದಿಗೆ ಲಿಂಗದ ಕರಡಿಗೆ. ಇನ್ನೊಂದು ಚರ್ಮದ ಕೆಳಗಿನ ನಳಿಕೆ. ತಲೆಯಲ್ಲಿ ತುಂಬಿಕೊಳ್ಳುವ ನೀರನ್ನು ಹೊಟ್ಟೆಗೆ ಇಳಿಸಲು ಬೆಳಗಾವಿಯ ಡಾಕ್ಟರು ಹಾಕಿದ್ದು. ಕಿವಿಯ ಹಿಂದಿನಿಂದ ಎದೆಯವರೆಗೆ ಅದು ಉಬ್ಬಿ ಕಾಣುತ್ತಿತ್ತು.

ನನ್ನ ಕಾಕಾನ ಹೆಂಡತಿ ಆಕೆ. ಹುಕ್ಕೇರಿಯಿಂದ ಕುಲಗೋಡದ ನಮ್ಮ ಮನೆಗೆ ಸೊಸೆಯಾಗಿ ಬಂದು, ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ತತ್ತಿ ಬೇಯಿಸಿದ ಮನೆಯಲ್ಲಿ ಚಹಾ ಸಹ ಕುಡಿಯುತ್ತಿರಲಿಲ್ಲ. ರೊಟ್ಟಿಯ ಜೊತೆ ಹಸಿ ಹಕ್ಕರಿಕೆ ಸೊಪ್ಪು ಮಾತ್ರ ಬೇಕೇ ಬೇಕು. ಹಳ್ಳದ ನೀರು ಹಾಯಿಸಿದ ಮಡಿಯಿಂದ ಕಿತ್ತು, ಅಂಗೈಗೆ ಬಡಿದು ಮಣ್ಣು ಉದುರಿಸಿ ತಿನ್ನುವುದು. ನಮ್ಮ ಕಡೆ ಎಲ್ಲರೂ ಹಾಗೇ. "ತೊಳದ್ರ ರುಚಿ ಹೋಗತೈತಿ" ಎನ್ನುತ್ತಿದ್ದಳು ಆಯಿ, ಅಂದರೆ ನಮ್ಮ ಅಜ್ಜಿ.

ಒಂದು ದಿನ ಚಿಗವ್ವ ರೊಟ್ಟಿ ಬಡಿಯುತ್ತಲೇ ಮೂರ್ಛೆ ಬಂದು ಬಿದ್ದಳು. ಗೋಕಾಕದ ದವಾಖಾನೆಯವರು ಬೆಳಗಾವಿಗೆ ಕಳಿಸಿದರು. ಮಿದುಳಿನಲ್ಲಿ ಹುಳದ ಗುಳ್ಳೆಗಳಿದ್ದವು. ಅವುಗಳಲ್ಲಿ ಒಂದು, ಮಿದುಳಿನ ನೀರು ಹರಿಯುವ ದಾರಿಗೇ ಅಡ್ಡ ಕೂತಿತ್ತು. ಆಪರೇಷನ್ ಮಾಡಿ ಅದನ್ನು ತೆಗೆದು ನಳಿಕೆ ಹಾಕಿದ ಡಾಕ್ಟರು ಕಾಕಾನಿಗೂ ನನಗೂ ತಿಳಿಸಿ ಹೇಳಿದರು: "ಹಂದಿ ಮಾಂಸ ತಿಂದು ಹೊಟ್ಯಾಗ ಹುಳ ಆದವ್ರು ಬ್ಯಾರೆ ಯಾರೋ. ಅವ್ರ ಹೊಲಸು ಸೇರಿದ ನೀರಿನ ಪಲ್ಯ ತೊಳೀದ ತಿಂದ್ರ ಹುಳದ ತತ್ತಿ ಹೊಟ್ಟಿಗೆ ಹೋಗಿ, ತಲಿಗೆ ಏರತೈತ್ರಿ. ಇವ್ರದೇನೂ ತಪ್ಪಿಲ್ಲ."

ಇಷ್ಟು ಮಾತಿನಲ್ಲಿ ಕಾಕಾ ಊರಿಗೆ ತಂದದ್ದು ಒಂದೇ ಶಬ್ದ: ಹಂದಿ.

ಅವತ್ತಿನಿಂದ ಆಯಿ ಸೊಸೆಯ ಕೈಯ ರೊಟ್ಟಿ ಮುಟ್ಟಲಿಲ್ಲ. "ತವರಮನ್ಯಾಗ ಏನ್ ತಿಂದ ಬಂದಾಳೋ ಯಾರಿಗ್ಗೊತ್ತು" ಎಂದು ಕಟ್ಟೆಯ ಮೇಲೆ ಕೂತು ಹೇಳಿದಳು. ಬಿಡಿಸಿ ಹೇಳಹೋದ ನನಗೆ "ನೀ ಭಾಳ ಶ್ಯಾಣ್ಯಾಕಿ ಆಗಬ್ಯಾಡ" ಎಂದಳು. ಅಡುಗೆಮನೆ ಚಿಗವ್ವನ ಕೈ ತಪ್ಪಿತು. ಆಕೆ ಅಳಲಿಲ್ಲ. "ಖರೇನ ತಿಂದಿದ್ರ ರುಚಿಯರ ಗೊತ್ತಾಗತಿತ್ತ ನೋಡವಾ" ಎಂದು ನನ್ನೆದುರು ನಕ್ಕಳು.

ನಳಿಕೆ ಕಟ್ಟಿಕೊಂಡರೆ ತಲೆನೋವು, ವಾಂತಿ ಶುರುವಾಗುತ್ತದೆ, ತಡ ಮಾಡದೆ ಬನ್ನಿ ಎಂದು ಡಾಕ್ಟರು ಹೇಳಿದ್ದರು. ಶುರುವಾಯಿತು. ಚಿಗವ್ವ ಬಾಯಿ ಬಿಡಲಿಲ್ಲ. ಸುದ್ದಿ ತಿಳಿದು ನಾನು ಕೆಲಸದ ಊರು ಮೂಡಲಗಿಯಿಂದ ಓಡಿ ಬಂದಾಗ ಮಾತು ತೊದಲುತ್ತಿತ್ತು. "ಮತ್ತ ತಲಿ ಅಂದ್ರ, ಮತ್ತ ಹಂದಿ ಅಂತಾರ. ಬ್ಯಾಡವಾ" ಎಂದಳು. ಗಾಡಿ ಗೋಕಾಕ ದಾಟುವುದರೊಳಗೆ ಉಸಿರು ನಿಂತಿತು.

ಚಿಗವ್ವನ ತಿಥಿಯ ದಿನ ಆಯಿಯೇ ಫೋಟೋದ ಮುಂದೆ ಎಡೆ ಇಟ್ಟಳು. "ಅಕಿಗೆ ಭಾಳ ಸೇರತಿತ್ತ" ಎಂದು ಹಕ್ಕರಿಕೆಯನ್ನೂ ಇಟ್ಟಳು. ಬೇರಿನ ಮಣ್ಣು ಹಾಗೇ ಇತ್ತು.