ಒದ್ದೆಬಟ್ಟೆ ಮೇಷ್ಟ್ರ ಮಗಳ ಸೀಟು

ನಮ್ಮ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಗುಮಾಸ್ತೆಯಾಗಿದ್ದೆ. ಅಷ್ಟರಲ್ಲಿ ಏಳು ಜನ ಮುಖ್ಯಸ್ಥರು ಬಂದು ಹೋದರು. ಅವರಲ್ಲಿ ಮೂವರ ಮುಖ ಈಗ ನೆನಪಿಗೇ ಬರುವುದಿಲ್ಲ. ಆದರೆ ಶವ ಕೊಯ್ದು ಕಲಿಸುವ ಡಿಸೆಕ್ಷನ್ ಹಾಲಿನ ಅಟೆಂಡರ್ ಒಬ್ಬರನ್ನು ಮಾತ್ರ ಮರೆಯಲಾಗಿಲ್ಲ. ಅವರ ಬಗ್ಗೆ ಬರೆಯಬೇಕೆಂದು ನಿವೃತ್ತಿಯಾದ ದಿನದಿಂದ ಅಂದುಕೊಳ್ಳುತ್ತಲೇ ಇದ್ದೇನೆ.

ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು ಒದ್ದೆಬಟ್ಟೆ ಮೇಷ್ಟ್ರು. ಪಾಠ ಮುಗಿದ ಕೂಡಲೇ ಮಕ್ಕಳು ಕೈ ತೊಳೆದು ಓಡುವ ಆತುರದಲ್ಲಿರುತ್ತಿದ್ದರು. ಇವರು ಬಾಗಿಲಿಗೆ ಅಡ್ಡ ನಿಂತು, "ಒದ್ದೆ ಬಟ್ಟೆ ಹೊದಿಸಿದ್ರಾ? ಮುಖಕ್ಕೆ? ಕೈಬೆರಳಿಗೆ?" ಎಂದು ಒಂದೊಂದೇ ಮೇಜಿನವರನ್ನು ಕೇಳದೆ ಬಿಡುತ್ತಿರಲಿಲ್ಲ. ಬಟ್ಟೆ ಒಣಗಿದರೆ ದೇಹ ಒಣಗುತ್ತದೆ, ಚರ್ಮ ಬಿರುಸಾಗುತ್ತದೆ, ನರ ಯಾವುದು ನಾರು ಯಾವುದು ತಿಳಿಯುವುದಿಲ್ಲ. ಹಾಗಾಗಿ ದಿನಕ್ಕೆ ಮೂರು ಸಲ ಬಟ್ಟೆ ಅದ್ದಿ, ಹಿಂಡಿ, ಹೊದಿಸುವುದು ಅವರ ಕೆಲಸ. ಹೊಸ ದೇಹ ಬಂದರೆ ಅದು ಕೆಡದಂತೆ ತೊಡೆಯ ರಕ್ತನಾಳದಿಂದ ಔಷಧ ಹರಿಸಿ, ಹಿಂದಿನ ಕೋಣೆಯ ತೊಟ್ಟಿಯಲ್ಲಿ ಇಳಿಸುವುದೂ ಅವರೇ. ಆ ಕೋಣೆಗೆ ಹೋದರೆ ನನಗೆ ಎರಡು ನಿಮಿಷದಲ್ಲಿ ಕಣ್ಣು ಉರಿದು ನೀರು ಬರುತ್ತಿತ್ತು. ಅವರು ಅಲ್ಲೇ ಒಂದು ಸ್ಟೂಲು ಹಾಕಿಕೊಂಡು ಪೇಪರ್ ಓದುತ್ತಿದ್ದರು.

ಮೇಜಿನ ಮೇಲಿದ್ದವರಿಗೆ ಹೆಸರಿರುತ್ತಿರಲಿಲ್ಲ, ಕಾಲಿಗೆ ಕಟ್ಟಿದ ನಂಬರ್ ಅಷ್ಟೇ. ಹೆಸರು ಗೊತ್ತಿದ್ದದ್ದು ನನ್ನ ರಿಜಿಸ್ಟರಿಗೆ ಮತ್ತು ಅವರಿಗೆ. ಪ್ರೊಫೆಸರು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಇಂಥ ಮನುಷ್ಯ ಮನೆಯಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿದವರಲ್ಲ. ಊಟಕ್ಕೆ ಕೂತರೆ ಸಾಕು, ದೇಹ ಸಾಲುವುದಿಲ್ಲ, ಎಂಟು ಮಕ್ಕಳು ಕಲಿಯಬೇಕಾದ ಮೇಜಿಗೆ ಇಪ್ಪತ್ತು ಮಕ್ಕಳು ಮುತ್ತುತ್ತಾರೆ, ಹಿಂದೆ ನಿಂತವರು ಬರೀ ಮುಂದಿನವರ ಬೆನ್ನು ನೋಡಿ ಡಾಕ್ಟರಾಗುತ್ತಾರೆ ಎಂದು ಗೊಣಗುವುದು. ಹೆಂಡತಿ ಮನೆಯಲ್ಲೇ ಸ್ಕೂಲು ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದರು. ಒಂದು ದಿನ ಮಧ್ಯಾಹ್ನ ಹೊಲಿಗೆ ಬಿಟ್ಟು ನೇರ ನನ್ನ ಟೇಬಲ್ಲಿಗೆ ಬಂದು, ದೇಹದಾನದ ಅರ್ಜಿ ತುಂಬಿ, ಸಹಿ ಮಾಡಿ, ಗಂಡನ ಕೈಗೆ ಕೊಟ್ಟರು.

"ಇಪ್ಪತ್ತು ವರ್ಷ ನನ್ನ ತಲೆ ತಿಂದಿದ್ದೀರಿ. ತಗೊಳ್ಳಿ, ಒಂದು ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಇನ್ಮೇಲಾದ್ರೂ ನೆಮ್ಮದಿಯಾಗಿ ಊಟ ಮಾಡಕ್ಕೆ ಬಿಡಿ" ಎಂದರು.

ನಾವು ಮೂವರೂ ನಕ್ಕೆವು. ಆಕೆಗೆ ಆಗಿನ್ನೂ ನಲವತ್ತೊಂದು. ಐದು ವರ್ಷ ಕಳೆಯುವುದರೊಳಗೆ ಕ್ಯಾನ್ಸರ್ ಬಂದು, ಏಳು ತಿಂಗಳು ನರಳಿ ಹೋಗಿಬಿಟ್ಟರು. ಆ ವರ್ಷದ ಮೇಜುಗಳಲ್ಲಿ ಪಾಠ ಆಗಲೇ ಅರ್ಧ ದಾಟಿತ್ತು. ಔಷಧ ಹರಿಸುವ ಕೆಲಸಕ್ಕೆ ಬೇರೆಯವರನ್ನು ಕರೆಸುತ್ತೇನೆ ಎಂದು ಮುಖ್ಯಸ್ಥರು ಹೇಳಿದರು. ಇವರು ಕೇಳಲಿಲ್ಲ. ಹಾಲಿನ ಬಾಗಿಲು ಹಾಕಿಕೊಂಡು ಎಲ್ಲವನ್ನೂ ತಾವೇ ಮಾಡಿದರು. ಹೊರಗೆ ಬಂದು, "ಅಕ್ಕಾ, ರಿಜಿಸ್ಟರಲ್ಲಿ ಬರ್ಕೊಳ್ಳಿ" ಎಂದರು. ನಾನು ಬರೆದುಕೊಂಡೆ.

ಇವರಿಗೆ ಒಬ್ಬಳೇ ಮಗಳು. ಅಮ್ಮ ಹೋದ ಮರುವರ್ಷವೇ ಹಟ ಹಿಡಿದು ಓದಿದಳು. ಎರಡು ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಒಂದು ನಮ್ಮದೇ. ಹಳೆಯ ಕಟ್ಟಡ, ಸೋರುವ ಮೂಲೆಗಳು, ಆದರೆ ಪಕ್ಕದಲ್ಲೇ ಸಾವಿರ ಹಾಸಿಗೆಯ ಆಸ್ಪತ್ರೆ. ಇಲ್ಲಿ ಓದಿದವರು ನೋಡಿರದ ಕಾಯಿಲೆಯೇ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಇನ್ನೊಂದು, ಬಸ್ಸಿನಲ್ಲಿ ಐದು ಗಂಟೆ ದೂರದ ಹೊಸ ಕಾಲೇಜು. ಗಾಜಿನ ಕಟ್ಟಡ, ಗೋಡೆಗಲದ ಪರದೆ, ಪ್ಲಾಸ್ಟಿಕ್ಕಿನ ಎಲುಬು. ಆಸ್ಪತ್ರೆಯಲ್ಲಿ ಮಾತ್ರ ರೋಗಿಗಳಿಗಿಂತ ಕುರ್ಚಿಗಳೇ ಜಾಸ್ತಿ. ಶುಕ್ರವಾರ ಸಂಜೆ ಐದರೊಳಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು.

ಇದರಲ್ಲಿ ಯೋಚಿಸುವುದಕ್ಕೇನಿದೆ ಎಂದು ನಾವೆಲ್ಲ ಸಿಹಿ ತಿಂದು ಮುಗಿಸಿದೆವು. ಆಮೇಲೆ ತಿಳಿಯಿತು, ಅಪ್ಪ ಹೊಸ ಕಾಲೇಜೇ ಆಗಬೇಕು ಅನ್ನುತ್ತಿದ್ದಾರೆ ಎಂದು. ನನಗೆ ಮೈಯೆಲ್ಲ ಉರಿಯಿತು.

"ಮೇಷ್ಟ್ರೇ, ನಿಮಗೆ ತಲೆ ಕೆಟ್ಟಿದೆಯಾ? ಈ ಕಾಲೇಜಿನ ಸೀಟಿಗೆ ಜನ ಎರಡೆರಡು ವರ್ಷ ಮನೇಲಿ ಕೂತು ಓದ್ತಾರೆ" ಎಂದೆ.

"ಅಲ್ಲಿ ಹಾಸ್ಟೆಲ್ ಚೆನ್ನಾಗಿದೆಯಂತೆ" ಎಂದರು.

"ಹಾಸ್ಟೆಲ್ಲಿಗೆ ಡಾಕ್ಟರ್ ಪಟ್ಟ ಕೊಡ್ತಾರಾ?"

ಅವರು ಬಕೆಟ್ ಎತ್ತಿಕೊಂಡು ಹಾಲಿಗೆ ಹೋದರು. ನಾನು ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ.

ಬುಧವಾರ ಮಗಳೇ ನನ್ನ ಟೇಬಲ್ಲಿಗೆ ಬಂದಳು. ಅವಳ ಅಪ್ಪ ನನ್ನನ್ನು ಅಕ್ಕ ಎನ್ನುತ್ತಿದ್ದುದರಿಂದ ಅವಳಿಗೆ ನಾನು ಅತ್ತೆ. ಕುರ್ಚಿಯ ತುದಿಯಲ್ಲಿ ಕೂತು ಬಹಳ ಹೊತ್ತು ಬ್ಯಾಗಿನ ದಾರ ಎಳೆಯುತ್ತಿದ್ದಳು.

"ಅತ್ತೆ, ಅಪ್ಪಂಗೆ ನಾಚಿಕೆ ಆಗ್ತಿದೆಯಾ? ನಾನು ಇಲ್ಲಿ ಓದೋವಾಗ ಅವರು ಬಕೆಟ್ ಹಿಡ್ಕೊಂಡು ಓಡಾಡ್ತಾರೆ, ನನಗೆ ಅವಮಾನ ಆಗುತ್ತೆ ಅಂದ್ಕೊಂಡಿದಾರಾ? ಚಿಕ್ಕವಳಿದ್ದಾಗಿಂದ ಇದೇ ಹಾಲಿನ ಮೆಟ್ಟಿಲ ಮೇಲೆ ಕೂತು ಹೋಮ್‌ವರ್ಕ್ ಮಾಡಿದೀನಿ. ನನ್ನನ್ನ ಅಷ್ಟೇನಾ ಅವರು ಅರ್ಥ ಮಾಡ್ಕೊಂಡಿರೋದು?"

ಅವಳ ಕಣ್ಣು ತುಂಬಿತು. ಸಮಾಧಾನ ಮಾಡೋಣವೆಂದು, "ನಿಮ್ಮಮ್ಮ ಇದ್ದಿದ್ದರೆ ನಿಮ್ಮಪ್ಪನ ಕಿವಿ ಹಿಂಡೋಳು" ಎಂದೆ.

"ಅಮ್ಮನ ಕೆಲಸ ಹೋದ ವರ್ಷಾನೇ ಮುಗೀತಲ್ಲ ಅತ್ತೆ. ಮಕ್ಕಳು ಕಲಿತು ಮುಗಿಸಿದ ಮೇಲೆ ಸುಟ್ಟು, ಬೂದಿಯನ್ನ ನಾನೇ ನೀರಿಗೆ ಬಿಟ್ಟೆ ಅಂತ ಅಪ್ಪ ಹೇಳಿದ್ರು" ಎಂದಳು.

ನಾನು ಅವಳನ್ನು ಕಳಿಸಿ ರಿಜಿಸ್ಟರ್ ತೆಗೆದೆ. ಅವಳ ಅಮ್ಮನ ಕೆಲಸ ಮುಗಿದಿರಲಿಲ್ಲ, ಶುರುವೇ ಆಗಿರಲಿಲ್ಲ. ಮೂರನೇ ತೊಟ್ಟಿಯಲ್ಲಿ, ಈ ವರ್ಷದ ಮೇಜಿಗಾಗಿ ಕಾಯುತ್ತಿದ್ದರು. ರಿಜಿಸ್ಟರಿನ ಮೊದಲ ಪುಟದಲ್ಲಿ ಅಂಟಿಸಿದ ನಿಯಮಗಳನ್ನು ನಾನೇ ಯಾವ ಕಾಲದಲ್ಲೋ ಟೈಪ್ ಮಾಡಿದ್ದೆ. ಅದರಲ್ಲಿ ಎಂಟನೆಯದು ಹೀಗಿತ್ತು: ದಾನಿಯ ಮಕ್ಕಳಾಗಲಿ ಒಡಹುಟ್ಟಿದವರಾಗಲಿ ಈ ಕಾಲೇಜಿಗೆ ವಿದ್ಯಾರ್ಥಿಯಾಗಿ ಸೇರಿದರೆ, ತರಗತಿ ಆರಂಭವಾಗುವ ಮೊದಲೇ ಆ ದೇಹವನ್ನು ಬೇರೆ ಕಾಲೇಜಿಗೆ ಒಪ್ಪಿಸತಕ್ಕದ್ದು. ನಮ್ಮಿಂದ ದೇಹ ಪಡೆಯಲು ಅನುಮತಿ ಇದ್ದದ್ದು ಒಂದೇ ಕಾಲೇಜಿಗೆ, ಐದು ಗಂಟೆ ದೂರದ ಆ ಹೊಸ ಕಾಲೇಜಿಗೆ.

ಅಂದರೆ ತಾಯಿ ಮಗಳಲ್ಲಿ ಒಬ್ಬರು ಅಲ್ಲಿಗೆ ಹೋಗಲೇಬೇಕಿತ್ತು. ಕಳಿಸಲು ಅವರು ಮಗಳನ್ನು ಆರಿಸಿದ್ದರು.

ಹಿಂದಿನ ಕೋಣೆಗೆ ಹೋದೆ. ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಚುತ್ತಿದ್ದರು. ನನ್ನ ಕೈಯಲ್ಲಿದ್ದ ರಿಜಿಸ್ಟರ್ ನೋಡಿ ಎದ್ದು ನಿಂತರು.

"ಬೂದಿ ಬಿಟ್ಟೆ ಅಂತ ಯಾಕೆ ಸುಳ್ಳು ಹೇಳಿದ್ರಿ ಮೇಷ್ಟ್ರೇ?"

"ಅಮ್ಮಂಗೆ ಚಳಿ ಆಗುತ್ತಾ ಅಪ್ಪ, ಅಂತ ದಿನಾ ಕೇಳ್ತಿದ್ಲು. ಊಟ ಬಿಟ್ಟಿದ್ಲು. ಮುಗೀತು ಅಂದೆ, ಆಮೇಲೆ ತಿನ್ನಕ್ಕೆ ಶುರು ಮಾಡಿದ್ಲು. ಈಗ ಯಾವ ಬಾಯಲ್ಲಿ ಹೇಳ್ಲಿ?"

"ಅದಕ್ಕೆ ಮಗಳ ಓದನ್ನೇ ಹಾಳು ಮಾಡ್ತೀರಾ?"

"ನಾನು ಎರಡು ವರ್ಷದ ಹಿಂದೆ ಆ ಕಾಲೇಜಿಗೆ ಒಬ್ಬರನ್ನ ತಲುಪಿಸಕ್ಕೆ ಹೋಗಿದ್ದೆ ಅಕ್ಕಾ. ತೊಟ್ಟಿ ಮುಚ್ಚಳ ಅರ್ಧ ತೆಗೆದೇ ಇತ್ತು. ಮೇಜಿನ ಮೇಲಿದ್ದವರ ಬಟ್ಟೆ ಒಣಗಿ ಕಟ್ಟಿಗೆ ಆಗಿತ್ತು. ಮೂರು ತಿಂಗಳಿಗೊಬ್ಬ ಅಟೆಂಡರ್ ಬದಲಾಗ್ತಾನೆ, ಯಾರಿಗೂ ಕೆಲಸ ಗೊತ್ತಿಲ್ಲ. ಅಲ್ಲಿಗೆ ನಮ್ಮನೆಯವಳನ್ನ ಹೇಗೆ ಕಳಿಸ್ಲಿ? ನನ್ನ ಕೈಯಾರೆ?"

ನನಗೆ ಕೋಪವೂ ಬಂತು, ಅಳುವೂ ಬಂತು. ಎರಡರಲ್ಲಿ ಕೋಪವೇ ನನಗೆ ಸುಲಭ. ಸತ್ತವರಿಗೆ ತೋರಿಸುವ ಕರುಣೆಯಲ್ಲಿ ಕಾಲು ಭಾಗ ಬದುಕಿರುವ ಮಗಳಿಗೆ ತೋರಿಸಿ ಎಂದು ಹೇಳಬಾರದ ಮಾತು ಹೇಳಿ, ನಾಳೆ ಮಧ್ಯಾಹ್ನದೊಳಗೆ ಮಗಳಿಗೆ ನಿಜ ತಿಳಿಸದಿದ್ದರೆ ನಾನೇ ತಿಳಿಸುತ್ತೇನೆಂದು ಗದರಿ ಬಂದೆ.

ಗುರುವಾರ ಮಧ್ಯಾಹ್ನ, ಆಫೀಸಿನವರೆಲ್ಲ ಊಟಕ್ಕೆ ಹೋಗಿದ್ದಾಗ, ನನ್ನ ಟೇಬಲ್ಲಿನ ಎದುರು ಅಪ್ಪ ಮಗಳು ಕೂತರು. ಎದ್ದು ಹೋಗಲು ಹೊರಟ ನನ್ನನ್ನು ಅವರೇ ಕೂರಿಸಿದರು. ಎಲ್ಲ ಹೇಳಿದರು. ಬೂದಿಯ ಸುಳ್ಳು, ಮೂರನೇ ತೊಟ್ಟಿ, ಎಂಟನೇ ನಿಯಮ, ಆ ಕಾಲೇಜಿನಲ್ಲಿ ಕಂಡ ಒಣಗಿದ ಬಟ್ಟೆ. ಮಗಳು ತಲೆ ಎತ್ತಲಿಲ್ಲ. ಮಾತು ಮುಗಿದ ಮೇಲೆ ಕೇಳಿದಳು.

"ಇಷ್ಟು ದಿನ ಅಮ್ಮ ಇಲ್ಲೇ ಇದ್ದಳಾ?"

"ಹೂಂ."

"ಒಂದ್ಸಲ ನೋಡ್ಲಾ ಅಪ್ಪ?"

"ಬೇಡ ಮಗಾ. ನೀನು ಕಂಡಿರೋ ಅಮ್ಮ ಹಾಗೇ ಇರ್ಲಿ."

ಅವಳು ಕೆನ್ನೆ ಒರೆಸಿಕೊಂಡಳು. ಗೋಡೆಯ ಫ್ಯಾನು ಒಂದು ಸುತ್ತು ನನ್ನ ಕಾಗದಗಳ ಕಡೆ, ಒಂದು ಸುತ್ತು ಅವರ ಕಡೆ ತಿರುಗುತ್ತಿತ್ತು. ಹಾಳೆಗಳು ಹಾರದಂತೆ ನಾನು ಕೈ ಒತ್ತಿ ಕೂತಿದ್ದೆ.

"ಹಾಗಾದ್ರೆ ನಾನೇ ಅಲ್ಲಿಗೆ ಹೋಗ್ತೀನಿ" ಎಂದಳು. "ನನಗೆ ಬಾಯಿದೆ, ಏನಾದ್ರೂ ಕಮ್ಮಿಯಾದ್ರೆ ಕೇಳ್ಕೋತೀನಿ. ಅಮ್ಮ ಯಾರನ್ನ ಕೇಳ್ತಾಳೆ?"

ಅಷ್ಟು ಹೇಳಿ, ಅಪ್ಪನ ಭುಜ ಮುಟ್ಟಿ ಹೊರಟುಹೋದಳು. ನಾನು ಸೋತೆ ಅನ್ನಿಸಿತು. ಹದಿನೆಂಟರ ಹುಡುಗಿಯೇ ಒಪ್ಪಿದ ಮೇಲೆ ನನ್ನದೇನು ನಡುವೆ ಎಂದು ಸಂಜೆ ಟೇಬಲ್ಲಿಗೆ ಬೀಗ ಹಾಕಿ ಮನೆಗೆ ಹೋದೆ.

ಶುಕ್ರವಾರ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಅವರು ನಿಂತಿದ್ದರು. ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

"ಅಕ್ಕಾ, ಕಳಿಸೋ ಲೆಟರ್ ಟೈಪ್ ಮಾಡಿ."

"ಯಾರನ್ನ ಕಳಿಸೋದು?"

"ನಮ್ಮನೆಯವಳನ್ನ."

ನಾನು ಅವರ ಮುಖ ನೋಡಿದೆ.

"ನಿನ್ನೆ ಮಗಳು ಆ ಮಾತು ಹೇಳಿದ ಕೂಡಲೇ ನನಗೆ ಖುಷಿ ಆಯ್ತು ಅಕ್ಕಾ. ಸದ್ಯ, ಇವಳು ಹೋಗ್ತಾಳೆ, ಅವಳು ಉಳೀತಾಳೆ ಅಂತ. ಮನೆ ಮುಟ್ಟೋ ಹೊತ್ತಿಗೆ ನನ್ನ ಮೇಲೆ ನನಗೇ ಅಸಹ್ಯ ಆಯ್ತು. ಅಂಥ ಖುಷಿ ಪಡೋ ಅಪ್ಪ ನಾನು ಅಂತ ಗೊತ್ತಿರಲಿಲ್ಲ. ಅವಳಮ್ಮ ಅರ್ಜಿಗೆ ಸಹಿ ಹಾಕಿದ್ದು ಮಕ್ಕಳು ಕಲೀಲಿ ಅಂತ. ನಾನು ಕೂಡಿಟ್ಕೊಳ್ಳಲಿ ಅಂತಲ್ಲ."

ಟೈಪ್ ಮಾಡಿದೆ. ಹತ್ತು ಸಾಲಿನ ಕಾಗದ, ನಾಲ್ಕು ತಪ್ಪು ಮಾಡಿದೆ. ಮುಖ್ಯಸ್ಥರು ಓದಿ, ಕನ್ನಡಕ ತೆಗೆದು ಒರೆಸಿಕೊಂಡು ಸಹಿ ಹಾಕಿದರು. ಮಗಳು ಮೊದಲು ಒಪ್ಪಲಿಲ್ಲ. ಅಪ್ಪ ಮಗಳ ನಡುವೆ ಮೆಟ್ಟಿಲ ಮೇಲೆ ಒಂದು ಗಂಟೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ನಾಲ್ಕೂವರೆಗೆ ಒಳಗೆ ಬಂದು ನನ್ನ ಕಂಪ್ಯೂಟರಿನಲ್ಲೇ ನಮ್ಮ ಕಾಲೇಜನ್ನು ಆರಿಸಿದಳು. ಅಪ್ಪ ಅವಳ ಹಿಂದೆ ನಿಂತು, ಗುಂಡಿ ಸರಿಯಾಗಿ ಒತ್ತಿದೆಯಾ ಎಂದು ಎರಡು ಸಲ ಕೇಳಿದರು.

ಮರುವಾರ ಮೇಷ್ಟ್ರು ಹೆಂಡತಿಯನ್ನು ವ್ಯಾನಿನಲ್ಲಿ ಹೊರಡಿಸಿದರು. ಕಾಗದಪತ್ರಕ್ಕೆ ಅಲ್ಲಿ ಸಹಿ ಹಾಕಿಸಬೇಕಿದ್ದುದರಿಂದ ನಾನೂ ಇದ್ದೆ. ಐದು ಗಂಟೆಯ ದಾರಿಯಲ್ಲಿ ಮೂರು ಸಲ ವ್ಯಾನ್ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದು ಬಟ್ಟೆಗೆ ನೀರು ಚಿಮುಕಿಸಿದರು. ಮೂರನೆಯ ಸಲ ಡ್ರೈವರ್ ತಾನೇ ಇಳಿದು ಕ್ಯಾನು ಹಿಡಿದ.

ಅಲ್ಲಿನ ಅಟೆಂಡರ್ ಮಧ್ಯವಯಸ್ಸಿನವನು. ಮೊದಲು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದನಂತೆ, ಬಂದು ಎರಡು ವಾರವಾಗಿತ್ತು. ತಲುಪಿಸಿ ಸಹಿ ಪಡೆದು ಅರ್ಧ ಗಂಟೆಯಲ್ಲಿ ಹೊರಡಬಹುದಿತ್ತು. ಇವರು ಅಂಗಿಯ ತೋಳು ಮಡಚಿದರು. ಸಂಜೆಯವರೆಗೆ ಅವನಿಗೆ ಕೆಲಸ ಕಲಿಸಿದರು. ಬಟ್ಟೆ ಎಷ್ಟು ಅದ್ದಬೇಕು, ಎಷ್ಟು ಹಿಂಡಬೇಕು, ಕೈಬೆರಳುಗಳ ನಡುವೆ ಹತ್ತಿ ಹೇಗೆ ಇಡಬೇಕು, ಇಬ್ಬರು ಸೇರಿ ಎತ್ತುವಾಗ ಕುತ್ತಿಗೆಗೆ ಯಾರ ಕೈ ಇರಬೇಕು. ಆಗಲೇ ಅಲ್ಲಿದ್ದ ಇಬ್ಬರ ಮೇಲಿನ ಒಣಗಿದ ಬಟ್ಟೆ ತೆಗೆದು, ಅವರಿಗೂ ಹಾಗೇ ಮಾಡಿ ತೋರಿಸಿದರು. ಕೊನೆಗೆ ತಾವು ತಂದವರನ್ನು ಅವನ ಕೈಯಲ್ಲೇ ತೊಟ್ಟಿಗಿಳಿಸಿ, ಮುಚ್ಚಳ ಹಾಕಿಸಿದರು.

ಆ ಮನುಷ್ಯ ಬೆವರು ಒರೆಸಿಕೊಳ್ಳುತ್ತ ಕೇಳಿದ: "ಇಷ್ಟು ಜೋಪಾನ ಮಾಡ್ತಿದೀರಲ್ಲ, ಇವರು ನಿಮಗೆ ಗೊತ್ತಿರೋರಾ ಸಾರ್?"

ಹೇಳಿಬಿಡಲಿ, ಒಬ್ಬರಿಗಾದರೂ ಹೇಳಿ ಹಗುರಾಗಲಿ ಎಂದು ನನ್ನ ಮನಸ್ಸು ಬಯಸುತ್ತಿತ್ತು.

"ಎಲ್ರನ್ನೂ ಹೀಗೇ ನೋಡ್ಕೋಬೇಕಪ್ಪ" ಎಂದರು. ಅವನ ಬೆನ್ನು ತಟ್ಟಿ ಹೊರಗೆ ಬಂದರು.

ಹಿಂತಿರುಗುವಾಗ ಖಾಲಿ ವ್ಯಾನು ಪ್ರತಿ ಹಳ್ಳಕ್ಕೂ ಸದ್ದು ಮಾಡುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಹೇಳಬಹುದಿತ್ತಲ್ಲ ಮೇಷ್ಟ್ರೇ. ಹೇಳಿದ್ರೆ ಅವನು ಚೆನ್ನಾಗಿ ನೋಡ್ಕೊಳ್ತಿದ್ದ" ಎಂದೆ.

"ಹೇಳಿದ್ರೆ ಅವಳೊಬ್ಬಳನ್ನೇ ಚೆನ್ನಾಗಿ ನೋಡ್ಕೊಳ್ತಿದ್ದ ಅಕ್ಕಾ" ಎಂದರು. "ನಾಳೆ ಅವನು ಬಿಟ್ಟುಹೋಗ್ತಾನೆ, ಇನ್ನೊಬ್ಬ ಬರ್ತಾನೆ. ಬರೋನಿಗೆ ಇವನು ಏನು ಹೇಳಿಕೊಡ್ತಾನೆ? ಎಲ್ರನ್ನೂ ಹೀಗೆ ನೋಡ್ಕೋಬೇಕು ಅಂತ. ಎಲ್ರಲ್ಲಿ ಅವಳೂ ಇರ್ತಾಳೆ."

ಆಮೇಲೆ ಕಿಟಕಿಯ ಕಡೆ ತಿರುಗಿ ಕೂತರು. ಹೆಂಡತಿ ಸತ್ತ ದಿನ ಅಳದ ಮನುಷ್ಯ, ನಮ್ಮ ಕಾಲೇಜಿನ ಗೇಟು ಬರುವವರೆಗೆ ಅಳುತ್ತಲೇ ಇದ್ದರು.