ಹಿನ್ನೀರಿನ ಆಚೆ ದಡದ ಬಾವುಟ

ನನ್ನ ಭಾವ ಗಾಲ್ಫ್ ಕಲಿತದ್ದು ಸೈನ್ಯದಲ್ಲಿ. ಅಧಿಕಾರಿಗಳು ಆಡುವ ಮೈದಾನದ ಉಸ್ತುವಾರಿ ಕೆಲವು ವರ್ಷ ಅವರದಾಗಿತ್ತಂತೆ. ಸಂಜೆ ಮೈದಾನ ಖಾಲಿಯಾದ ಮೇಲೆ ತಾವೂ ಆಡುತ್ತಿದ್ದರು. ನಿವೃತ್ತರಾಗಿ ತುಮರಿ ಕಡೆಯ ತಮ್ಮ ಊರಿಗೆ ಬರುವಾಗ ಒಂದು ಹಳೇ ಚೀಲದಲ್ಲಿ ಕೆಲವು ಗಾಲ್ಫ್ ಕೋಲುಗಳನ್ನು ತಂದರು. ಅಕ್ಕ ಅವನ್ನು ನೋಡಿ, "ಇದ್ರಲ್ಲಿ ಎಂತ ಹೊಡೀತಾರೆ, ಹಾವನ್ನಾ?" ಎಂದು ಕೇಳಿದ್ದಳು.

ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ಅವರ ಮನೆಯ ಕೆಳಗೆ ದೊಡ್ಡ ಬಯಲು ತೆರೆದುಕೊಳ್ಳುತ್ತದೆ. ನೀರು ಬಿಟ್ಟ ನೆಲದಲ್ಲಿ ಹುಲ್ಲು ಚಿಗುರುತ್ತದೆ, ದನಗಳು ಅದನ್ನು ಮೇಯ್ದು ಗಿಡ್ಡ ಮಾಡುತ್ತವೆ. ಅಲ್ಲಿ ಭಾವ ಒಂದೇ ಒಂದು ಗುಳಿ ತೋಡಿದರು. ಅದರೊಳಗೆ ಪಿವಿಸಿ ಪೈಪಿನ ತುಂಡು, ಪಕ್ಕದಲ್ಲಿ ಬಿದಿರಿನ ಗಳಕ್ಕೆ ಕಟ್ಟಿದ ಕೆಂಪು ಬಟ್ಟೆ. ಸಾಗರದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನಾನು ಅವರ ಏಕೈಕ ಶಿಷ್ಯನೂ ಎದುರಾಳಿಯೂ ಆದೆ.

ಕಡಿಮೆ ಏಟಿನಲ್ಲಿ ಚೆಂಡನ್ನು ಗುಳಿಗೆ ಹಾಕಿದವರು ಗೆದ್ದಂತೆ. ಒಂದು ಮರದ ಬುಡದ ಪಕ್ಕ ನಿಂತು ಮೊದಲ ಹೊಡೆತ ಹೊಡೆಯಬೇಕು. ಅಲ್ಲಿಂದ ಬಾವುಟ ನೇರಕ್ಕೆ ಕಾಣುತ್ತದೆ, ಆದರೆ ನಡುವೆ ಹಿನ್ನೀರಿನ ಒಂದು ಕವಲು ಒಳಚಾಚಿದೆ. ನೀರು ದಾಟಿಸಿ ಹೊಡೆದರೆ ಚೆಂಡು ಒಂದೇ ಏಟಿಗೆ ಗುಳಿಯ ಹತ್ತಿರ. ದಾಟದಿದ್ದರೆ ಚೆಂಡೂ ಹೋಯಿತು, ಲೆಕ್ಕಕ್ಕೆ ಒಂದು ಏಟು ದಂಡವೂ ಬಿತ್ತು. ಬೇಡವೆಂದರೆ ಬಲಕ್ಕೆ ಹೊಡೆದು, ನೀರಿನ ತುದಿಯನ್ನು ಬಳಸಿ, ಎರಡು ಏಟಿನಲ್ಲಿ ಅದೇ ಜಾಗ ಸೇರಬಹುದು.

ನಾನು ಯಾವಾಗಲೂ ನೀರಿನ ಮೇಲೆಯೇ ಹೊಡೆಯುತ್ತಿದ್ದೆ. ದಾಟಿದ್ದು ಅಪರೂಪ. ಭಾವ ಬಲಕ್ಕೆ ಹೊಡೆದು ಸಮಾಧಾನವಾಗಿ ನಡೆದುಹೋಗಿ ಗೆಲ್ಲುತ್ತಿದ್ದರು. ನೀರು ಇನ್ನಷ್ಟು ಇಳಿದು ಕವಲು ಕಿರಿದಾದ ಮೇಲಷ್ಟೇ ಅವರು ನೇರ ಹೊಡೆತಕ್ಕೆ ಕೈಹಾಕುತ್ತಿದ್ದುದು.

"ನೀನು ಯಾವತ್ತೋ ಒಂದ್ಸಲ ಚೆನ್ನಾಗಿ ಬಿದ್ದ ಏಟನ್ನ ನೆನಪಿಟ್ಕೊಂಡು ಹೊಡಿತೀಯ ಮಾರಾಯ," ಎನ್ನುತ್ತಿದ್ದರು. "ದಿನಾ ಬೀಳೋ ಏಟು ಎಷ್ಟು ದೂರ ಹೋಗ್ತದೆ, ಅದನ್ನ ನೋಡು. ಆಚೆ ದಡ ಬೇರೆ ಇಳಿಜಾರು. ಬರೀ ದಾಟಿದ್ರೆ ಸಾಲದು, ಚೆಂಡು ಉರುಳಿ ವಾಪಸ್ ನೀರಿಗೇ ಬರ್ತದೆ."

ನಾನು ತಲೆಯಾಡಿಸಿ ಮತ್ತೆ ನೀರಿಗೇ ಹೊಡೆಯುತ್ತಿದ್ದೆ. ಬೇಸಿಗೆಯ ಕೊನೆಗೆ ಕೆಸರು ಒಣಗಿದಾಗ ಅಕ್ಕ ಹೋಗಿ ಚೆಂಡುಗಳನ್ನು ಹೆಕ್ಕಿ ತರುತ್ತಿದ್ದಳು. "ನೋಡು, ಇವೆಲ್ಲ ನಿಂದೇ," ಎಂದು ಬುಟ್ಟಿ ತೋರಿಸುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಭಾವ ಬೈಕಿನಿಂದ ಜಾರಿಬಿದ್ದು ಭುಜದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ವಾಸಿಯಾದರೂ ತೋಳು ಮೊದಲಿನಷ್ಟು ಮೇಲೇಳಲಿಲ್ಲ. ಈ ಬೇಸಿಗೆಯ ಒಂದು ಭಾನುವಾರ ಹೋದಾಗ ಗುಳಿಯ ಸುತ್ತಲಿನ ಹುಲ್ಲು ಸವರಿದ್ದರು, ಬಾವುಟ ಹೊಸದಾಗಿತ್ತು. ಹಿನ್ನೀರಿಗೆ ಸೇತುವೆಯಾಗಿರುವುದರಿಂದ ಈಗ ದಾಟಲು ಲಾಂಚಿಗೆ ಕಾಯಬೇಕಿಲ್ಲ; ಗಾಳಿ ಏಳುವ ಮೊದಲೇ ನಾನು ತಲುಪಿದ್ದೆ.

ಅವರು ಆಡುವುದನ್ನು ನೋಡಿ ನನಗೆ ಸಂಕಟವಾಯಿತು. ಕೋಲು ಅರ್ಧಕ್ಕಷ್ಟೇ ಏಳುತ್ತಿತ್ತು. ನನ್ನ ಸರದಿ ಬಂದಾಗ ನಾನು ಬಲಕ್ಕೆ ತಿರುಗಿ ನಿಂತೆ.

"ಅಲ್ಲಿಗೆ ಎಂತಕ್ಕೆ ಹೊಡೀತಿ?" ಭಾವ ಕೇಳಿದರು.

"ಸುಮ್ನೆ ಭಾವ. ಇವತ್ತು ಈ ಕಡೆಯಿಂದ ನೋಡ್ತೀನಿ."

"ನನ್ನ ಕೈ ನೋಡಿ ಪಾಪ ಅನ್ನಿಸ್ತಾ? ಬ್ಯಾಡ. ನನ್ನ ಆಟ ನಾನು ಆಡ್ತೀನಿ, ನಿನ್ನ ಆಟ ನೀನು ಆಡು."

ಅವರ ಮುಖ ಕೆಂಪಾಗಿತ್ತು. ನಾನು ನೀರಿನತ್ತ ತಿರುಗಿದೆ. ಗಾಳಿಯಿರಲಿಲ್ಲ, ಕವಲೂ ಸಾಕಷ್ಟು ಕಿರಿದಾಗಿತ್ತು. ನನ್ನ ದಿನನಿತ್ಯದ ಏಟಿಗೆ ಆ ದೂರ ಸಾಧ್ಯವೇ ಎಂದು ಮೊದಲ ಸಲ ನಿಜವಾಗಿ ಯೋಚಿಸಿದೆ. ಸಾಧ್ಯ ಅನ್ನಿಸಿತು. ಜೋರು ಮಾಡದೆ ಹೊಡೆದೆ. ಚೆಂಡು ನೀರು ದಾಟಿ, ಇಳಿಜಾರನ್ನೂ ದಾಟಿ, ಬಾವುಟದಿಂದ ತುಸು ಆಚೆ ನಿಂತಿತು. "ಹಾಂ, ಈಗ ಬಂತು ದಾರಿಗೆ," ಎಂದರು ಭಾವ. ಸಿಟ್ಟು ಇಳಿದಿತ್ತು.

ಆದರೆ ಹತ್ತಿರದಿಂದ ಗುಳಿಗೆ ಹಾಕಲು ನನಗೆ ಎರಡು ಏಟು ಬೇಕಾದವು. ಭಾವ ಎರಡು ಸಣ್ಣ ಏಟಿನಲ್ಲಿ ನೀರನ್ನು ಬಳಸಿ ಬಂದು, ಮೂರನೆಯದನ್ನು ಸೀದಾ ಗುಳಿಗೆ ಉರುಳಿಸಿದರು. ಸಮ ಸಮ.

ಊಟಕ್ಕೆ ಕರೆಯಲು ಬಂದಿದ್ದ ಅಕ್ಕ ದಡದಲ್ಲಿ ನಿಂತು ನೋಡುತ್ತಿದ್ದಳು. "ಯಾರು ಗೆದ್ರಿ?"

"ಯಾರೂ ಇಲ್ಲ," ಎಂದೆ.

"ಹಂಗಾದ್ರೆ ಇನ್ನೊಂದ್ಸಲ ಆಡಿ. ಸಾರು ಬೇಕಾದ್ರೆ ಬಿಸಿ ಮಾಡ್ತೀನಿ."

ಈ ಬಾರಿ ಭಾವ ಮರದ ಬುಡದ ಹತ್ತಿರ ಹೋಗಿ, ಚೀಲದಿಂದ ದೂರದ ಹೊಡೆತಕ್ಕೆ ಬಳಸುವ ಉದ್ದನೆಯ ಕೋಲು ತೆಗೆದರು. ಅಕ್ಕನಿಗೆ ಆಟ ಬಾರದಿದ್ದರೂ ಅದು ಯಾವ ಕೋಲೆಂದು ಗೊತ್ತಿತ್ತು. "ಭುಜ ಜೋಪಾನ ಮಾರಾಯ್ರೇ," ಎಂದಳು.

"ಆಗೋದಕ್ಕಿಂತ ಜಾಸ್ತಿ ಕೇಳಲ್ಲ ಈ ಭುಜಾನ," ಎಂದು ಅವರು ನಕ್ಕು, ಕೈ ಎಷ್ಟು ಏಳುತ್ತದೋ ಅಷ್ಟೇ ಎತ್ತಿ ಹೊಡೆದರು. ಚೆಂಡು ತಗ್ಗಿನಲ್ಲೇ ಹಾರಿ, ಆಚೆ ದಡದ ಅಂಚಿನ ಕೆಸರಿಗೆ ಬಿದ್ದು ಅಲ್ಲೇ ಹೂತು ನಿಂತಿತು. ಅರ್ಧ ಕಾಣುತ್ತಿತ್ತು.

ಭಾವ ಪ್ಯಾಂಟ್ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ನೀರಿನ ತುದಿಯನ್ನು ಸುತ್ತಿಕೊಂಡು ಹೋದರು. ಕೆಸರಿನಲ್ಲಿ ನಿಂತು ಕೋಲು ಬೀಸಿದ ರಭಸಕ್ಕೆ ಚೆಂಡಿಗಿಂತ ಹೆಚ್ಚು ಕೆಸರು ಮೇಲೆದ್ದು ಅವರ ಮುಖಕ್ಕೇ ಹಾರಿತು. ಚೆಂಡು ಮಾತ್ರ ಹುಲ್ಲಿನ ಮೇಲೆ ಬಂದಿತ್ತು. ಅಕ್ಕ ನಗು ತಡೆಯಲಾರದೆ ದಡದಲ್ಲೇ ಕೂತುಬಿಟ್ಟಳು.

ಆ ದಿನ ಒಂದು ಏಟಿನಿಂದ ಗೆದ್ದವನು ನಾನು. ಆದರೆ ಊಟಕ್ಕೆ ಕೂತಾಗ ಮಾತಾಡಿದ್ದೆಲ್ಲ ಭಾವನ ಹೊಡೆತದ ಬಗ್ಗೆ. ಅವರ ಕಿವಿಯ ಹಿಂದೆ ಇನ್ನೂ ಕೆಸರು ಅಂಟಿತ್ತು. ನೀರು ಇನ್ನೊಂದಿಷ್ಟು ಇಳಿದರೆ ಚೆಂಡು ಸಲೀಸಾಗಿ ದಾಟುತ್ತದೆ ಎಂದು ಅವರು ಹೇಳುತ್ತಿದ್ದರು, ಅಕ್ಕ ಅವರ ಎಲೆಗೆ ಮತ್ತೆ ಅನ್ನ ಬಡಿಸುತ್ತಿದ್ದಳು.